ಡೈಪರ್ ಕೇಕ್: ಸುರುಳಿಯೋ, ಬೀಸಣಿಗೆಯೋ, ಲಂಗೋಟಿಯೋ?

ತೊಟ್ಟಿಲ ಶಾಸ್ತ್ರಕ್ಕೆ, ನಾಮಕರಣಕ್ಕೆ ಡೈಪರ್ ಕೇಕ್ ಒಯ್ಯುವ ರೂಢಿ ಈಗ ಕಾರವಾರ, ಕುಮಟಾ, ಶಿರಸಿ ಕಡೆಗೂ ಬಂದಿದೆ. ತಿನ್ನುವ ಕೇಕಲ್ಲ, ಮಗುವಿನ ಡೈಪರುಗಳನ್ನೇ ಕೇಕಿನ ಆಕಾರದಲ್ಲಿ ಕಟ್ಟಿದ ಉಡುಗೊರೆ. ಮೂರು ಅಂತಸ್ತು, ಸುತ್ತ ರಿಬ್ಬನ್, ನೆತ್ತಿಯ ಮೇಲೊಂದು ಗೊಂಬೆ. ದೂರದಿಂದ ಎಲ್ಲವೂ ಒಂದೇ ಥರ ಕಾಣುತ್ತವೆ. ಒಳಗೆ ಕಟ್ಟಿರುವ ರೀತಿ ಮಾತ್ರ ಬೇರೆ ಬೇರೆ. ಸುರುಳಿ ಸುತ್ತಿ ಕಟ್ಟುವುದು, ಬೀಸಣಿಗೆಯಂತೆ ಓರೆಯಾಗಿ ಜೋಡಿಸುವುದು, ಡೈಪರನ್ನೇ ಬಿಟ್ಟು ಹತ್ತಿಯ ಲಂಗೋಟಿಯಲ್ಲಿ ಕಟ್ಟುವುದು, ಈ ಮೂರನ್ನೂ ಕಟ್ಟಿ, ಬಸ್ಸಿನಲ್ಲಿ ಸಾಗಿಸಿ, ಬಿಚ್ಚಿ ನೋಡಿ ಹೋಲಿಸಿದ್ದೇವೆ. ಅಳೆದದ್ದು ಒಂದನ್ನೇ: ಬಿಚ್ಚಿದ ಮೇಲೆ ಬಾಣಂತಿಯ ಕೈಗೆ ಎಷ್ಟು ಡೈಪರು ಹಾಳಾಗದೆ ಸಿಕ್ಕಿತು? ಫೋಟೊದಲ್ಲಿ ಚಂದ ಬರುವುದು ಆಮೇಲಿನ ಮಾತು.

ಮೊದಲು ಡೈಪರಿನ ಜಾತಿ ನೋಡಿಕೊಳ್ಳಿ, ಏಕೆಂದರೆ ಅರ್ಧ ಸೋಲು ಅಂಗಡಿಯಲ್ಲೇ ಆಗಿರುತ್ತದೆ. ನಮ್ಮ ಕಡೆಯ ಮೆಡಿಕಲ್ ಶಾಪುಗಳಲ್ಲಿ ಕೈಗೆ ಸಿಗುವುದು ಹೆಚ್ಚಾಗಿ ಪ್ಯಾಂಟ್ ಮಾದರಿ. ಎರಡೂ ಬದಿ ಅಂಟಿಸುವ ಟೇಪ್ ಮಾದರಿ ಬೇಕೆಂದರೆ ಮೊದಲೇ ಹೇಳಿ ತರಿಸಬೇಕಾಗಬಹುದು. ಟೇಪ್ ಮಾದರಿ ಚಪ್ಪಟೆ, ಮಡಿಕೆ ನೇರ, ಬಿಗಿಯಾಗಿ ಸುತ್ತಿದರೆ ಒಂದೂವರೆ ಇಂಚು ದಪ್ಪದ ಸುರುಳಿ ಆಗುತ್ತದೆ. ಪ್ಯಾಂಟ್ ಮಾದರಿಗೆ ಸೊಂಟದ ಸುತ್ತ ಎಲಾಸ್ಟಿಕ್ ಇರುವುದರಿಂದ ಅದು ಒಂದು ತುದಿಯಲ್ಲಿ ಉಬ್ಬಿಕೊಂಡೇ ಇರುತ್ತದೆ. ಸುರುಳಿ ಎರಡು ಇಂಚಿಗಿಂತ ತೆಳ್ಳಗಾಗುವುದಿಲ್ಲ, ಮೇಲಾಗಿ ಒಂದು ಕಡೆ ದಪ್ಪ, ಒಂದು ಕಡೆ ಸಪೂರ. ಹಾಗೇ ಒಟ್ಟು ಕಟ್ಟಿದರೆ ಅಂತಸ್ತು ವಾಲುತ್ತದೆ. ಪ್ಯಾಂಟ್ ಬಿಟ್ಟು ಬೇರೆ ಗತಿಯಿಲ್ಲದಿದ್ದರೆ ಒಂದನ್ನು ನೆಟ್ಟಗೆ, ಮುಂದಿನದನ್ನು ತಲೆಕೆಳಗೆ ಇಡುತ್ತ ಹೋಗಿ, ಸಮವಾಗುತ್ತದೆ.

ಅಳತೆಯಲ್ಲೂ ಒಂದು ತಪ್ಪು ಸಾಮಾನ್ಯ. ಮಗು ಪುಟ್ಟದೆಂದು ನ್ಯೂಬಾರ್ನ್ ಪ್ಯಾಕೆಟ್ಟನ್ನೇ ತರುತ್ತಾರೆ. ಅದು 5 ಕೆಜಿವರೆಗೆ ಮಾತ್ರ. ನಾಮಕರಣಕ್ಕೆ ಕೊಟ್ಟ 60 ಡೈಪರು ಮುಗಿಯುವಷ್ಟರಲ್ಲಿ ಮಗು ಅದರಿಂದ ದಾಟಿರುತ್ತದೆ, ಅದರಲ್ಲೂ ಹಗಲೆಲ್ಲ ಬಟ್ಟೆಯನ್ನೇ ಕಟ್ಟುವ ಮನೆಯಾದರೆ. ಎಸ್ ಅಳತೆ 4ರಿಂದ 8 ಕೆಜಿಗೆ ಬರುತ್ತದೆ, ಅದೇ ಸರಿ. ಎಂ ಅಳತೆಯವು ತಳದ ಅಂತಸ್ತಿಗೆ ಚೆನ್ನಾಗಿ ಹೊಂದುತ್ತವೆ.

ಈಗ ಸುರುಳಿ. ಪ್ಯಾಕೆಟ್ಟಿನಿಂದ ಡೈಪರು ಮಡಿಚಿಕೊಂಡೇ ಬರುತ್ತದೆ. ಬಿಡಿಸಬೇಡಿ. ಸೊಂಟದ ಕಡೆಯಿಂದ ಸುತ್ತಲು ಶುರು ಮಾಡಿ ಮಡಿಕೆಯ ಕಡೆ ಮುಗಿಸಿದರೆ ಹೊರಗೆ ನಯವಾದ ಅಂಚು ಬರುತ್ತದೆ, ರೆಕ್ಕೆ, ಟೇಪು ಎಲ್ಲ ಒಳಗೆ ಅಡಗುತ್ತವೆ. ನಡುವಿಗೆ ಒಂದು ರಬ್ಬರ್ ಬ್ಯಾಂಡ್. ದುಂಡಗಿನ ವಸ್ತುಗಳನ್ನು ಒತ್ತಾಗಿ ಇಟ್ಟಾಗ ಒಂದರ ಸುತ್ತ 6, ಅದರ ಸುತ್ತ 12, ಅದರಾಚೆ 18 ಕೂರುತ್ತವೆ. ಹೀಗಾಗಿ ಮೇಲಿನ ಅಂತಸ್ತಿಗೆ 7, ನಡುವಿನದಕ್ಕೆ 19, ತಳಕ್ಕೆ 37, ಒಟ್ಟು 63. ಇದಕ್ಕಿಂತ ಒಂದೆರಡು ಕಡಿಮೆಯಾದರೆ ಆ ಜಾಗ ಟೊಳ್ಳಾಗಿ ಉಳಿದು ರಿಬ್ಬನ್ ಒಳಗೆ ಕುಸಿಯುತ್ತದೆ. ಒಂದೂವರೆ ಇಂಚಿನ ಸುರುಳಿಯಾದರೆ ಅಂತಸ್ತುಗಳ ಅಡ್ಡಳತೆ ಸುಮಾರು ನಾಲ್ಕೂವರೆ, ಏಳೂವರೆ, ಹತ್ತೂವರೆ ಇಂಚು. ತಳಕ್ಕೆ 12 ಇಂಚಿನ ತಟ್ಟೆ ಸಾಕು. ಅಡ್ಡಳತೆಯನ್ನು 3.14ರಿಂದ ಗುಣಿಸಿ, ಒಂದರ ಮೇಲೊಂದು ಬರಲು 3 ಇಂಚು ಸೇರಿಸಿದರೆ ರಿಬ್ಬನ್ ಲೆಕ್ಕ: 17, 27, 36 ಇಂಚು. ಎರಡೂಕಾಲು ಮೀಟರ್ ತಂದರೆ ಮೇಲಿನ ಗಂಟಿಗಷ್ಟೇ ಬೇರೆ ಬೇಕು. ಸ್ಯಾಟಿನ್ ರಿಬ್ಬನ್ನಿನ ತುದಿಯನ್ನು ಕತ್ತರಿಸಿದ ಕೂಡಲೇ ಮೇಣದಬತ್ತಿಯ ಉರಿಗೆ ತಾಗಿಸಿ ತೆಗೆಯಿರಿ, ಇಲ್ಲವಾದರೆ ಎಳೆ ಬಿಚ್ಚುತ್ತ ಹೋಗುತ್ತದೆ.

ಅಂತಸ್ತನ್ನು ಹಿಡಿದು ನಿಲ್ಲಿಸುವುದು ರಿಬ್ಬನ್ನಲ್ಲ, ಅದರ ಕೆಳಗಿನ ಒಂದಿಂಚು ಅಗಲದ ಎಲಾಸ್ಟಿಕ್. ತಳದ ಅಂತಸ್ತಿಗೆ 28 ಇಂಚು ಕತ್ತರಿಸಿ ಬಳೆಯಂತೆ ಹೊಲಿದುಕೊಂಡರೆ 33 ಇಂಚಿನ ಸುತ್ತಳತೆಗೆ ಬಿಗಿಯಾಗಿ ಕೂರುತ್ತದೆ. ಅನೇಕರು ಇಲ್ಲಿ ಗ್ಲೂ ಗನ್ ಹಿಡಿಯುತ್ತಾರೆ. ಬೇಡ. ಡೈಪರಿನ ಹೊರಪದರ ತೆಳು ಪ್ಲಾಸ್ಟಿಕ್, ಬಿಸಿ ಅಂಟು ಅಲ್ಲೇ ತೂತು ಮಾಡುತ್ತದೆ. ಮುತ್ತಿನ ತಲೆಯ ಗುಂಡುಪಿನ್ನಂತೂ ಇನ್ನೂ ಅಪಾಯ, ಒಂದು ಒಳಗೆ ಉಳಿದರೂ ಮಗುವಿನ ಸೊಂಟಕ್ಕೆ ಚುಚ್ಚುತ್ತದೆ. ಎರಡು ಬದಿಯ ಅಂಟುಪಟ್ಟಿಯನ್ನು ರಿಬ್ಬನ್ನಿನ ಮೇಲೆ ರಿಬ್ಬನ್ ಬರುವ ಕಡೆ ಮಾತ್ರ ಹಚ್ಚಿ.

ಸುರುಳಿಯ ದೌರ್ಬಲ್ಯ ತಿಳಿಯುವುದು ಬಿಚ್ಚುವಾಗ. ತಿಂಗಳುಗಟ್ಟಲೆ ಬಿಗಿದು ಬಿಟ್ಟರೆ ಕಾಲಿನ ಸುತ್ತಲಿನ ನೆರಿಗೆ ಸುಕ್ಕಾಗಿ ಉಳಿದು, ಆ ಸುಕ್ಕಿನಲ್ಲೇ ಸೋರುತ್ತದೆ. ರಬ್ಬರ್ ಬ್ಯಾಂಡ್ ಕರಾವಳಿಯ ಸೆಕೆಗೆ ಜಿಗುಟಾಗಿ ಡೈಪರಿಗೇ ಅಂಟುವುದೂ ಉಂಟು. ಜತೆಗೆ 63 ರಬ್ಬರ್ ಬ್ಯಾಂಡ್ ಮಗು ಇರುವ ಮನೆಯಲ್ಲಿ ಚೆಲ್ಲಾಡುವುದೆಂದರೆ ಯಾರಿಗೂ ಹಿತವಲ್ಲ. ಬ್ಯಾಂಡಿನ ಬದಲು ಹತ್ತಿ ನೂಲನ್ನು ಎರಡು ಸುತ್ತು ಹಾಕಿ ಸರಗಂಟು ಬಿಗಿದರೆ ಕೆಲಸ ನಿಧಾನ, ಆದರೆ ಬಿಚ್ಚುವುದು ಸಲೀಸು.

ಬೀಸಣಿಗೆ ವಿಧಾನಕ್ಕೆ ಕೇಕ್ ಬೇಯಿಸುವ 9 ಇಂಚಿನ ದುಂಡು ಡಬ್ಬಿ ಬೇಕು. ನಡುವೆ 3 ಇಂಚು ದಪ್ಪದ ಗಟ್ಟಿ ವಸ್ತು ಇಡಬೇಕು. ವಿದೇಶಿ ಮಾದರಿಗಳಲ್ಲಿ ಅಲ್ಲಿ ಹಾಲಿನ ಬಾಟಲಿ ಇರುತ್ತದೆ. ಮೊದಲ ಆರು ತಿಂಗಳು ತಾಯಿ ಹಾಲೊಂದೇ ಎಂದು ಆಸ್ಪತ್ರೆಗಳು ಹೇಳುವಾಗ, ಬಾಟಲಿಯ ಜಾಹೀರಾತನ್ನೇ 1992ರ ಕಾಯ್ದೆ ನಿಷೇಧಿಸಿರುವಾಗ, ಅದನ್ನು ಉಡುಗೊರೆಯ ನಡುಮಧ್ಯೆ ಕೂರಿಸುವುದು ನಮಗೆ ಸರಿಕಾಣಲಿಲ್ಲ. ಬಿಗಿಯಾಗಿ ಸುತ್ತಿದ ಟವೆಲ್ ಸಾಕು. ಟವೆಲ್ ಮೆತ್ತಗಿದ್ದರೆ ಮೇಲಿನ ಅಂತಸ್ತಿನ ಭಾರಕ್ಕೆ ನಡು ಕುಸಿಯುತ್ತದೆ, ಅದಕ್ಕೆ ಒಳಗೊಂದು ಬಿದಿರಿನ ತುಂಡು ಸೇರಿಸಿ ಸುತ್ತಿ.

ಮಡಿಚಿದ ಡೈಪರನ್ನು ಅಂಚಿನ ಮೇಲೆ ನಿಲ್ಲಿಸಿ, ಒಂದು ತುದಿಯನ್ನು ಟವೆಲ್‌ಗೆ ತಾಗಿಸಿ, ಇನ್ನೊಂದನ್ನು ಡಬ್ಬಿಯ ಗೋಡೆಗುಂಟ ಬಾಗಿಸಿ. ಮುಂದಿನದು ಅದರ ಮೇಲೆ ಅರ್ಧ ಇಂಚು ಸರಿದು ಕೂರಬೇಕು. ಮಡಿಕೆಗಳೆಲ್ಲ ಒಂದೇ ಕಡೆಗೆ ಮುಖ ಮಾಡಿರಬೇಕು, ಒಂದು ತಿರುಗಿದರೂ ಸಾಲು ಒಡೆದು ಕಾಣುತ್ತದೆ. ಮೊದಲ ಹತ್ತು ನಿಲ್ಲುವುದೇ ಇಲ್ಲ, ಬೀಳುತ್ತಲೇ ಇರುತ್ತವೆ. ಖಾಲಿ ಜಾಗಕ್ಕೆ ಒಂದು ಬಟ್ಟಲು ಇಟ್ಟು ತಡೆ ಹಿಡಿಯಿರಿ. ಕೊನೆಯ ನಾಲ್ಕೈದನ್ನು ಒತ್ತಿ ತುರುಕಬೇಕಾಗುತ್ತದೆ. ಸಲೀಸಾಗಿ ಹೋದವೆಂದರೆ ಕಟ್ಟು ಸಡಿಲವಿದೆ ಎಂದರ್ಥ. ಆಮೇಲೆ ಡಬ್ಬಿಯ ಅಂಚಿನ ಮೇಲಕ್ಕೆ ಚಾಚಿದ ಭಾಗಕ್ಕೆ ಎಲಾಸ್ಟಿಕ್ ಏರಿಸಿ, ಡಬ್ಬಿಯನ್ನು ಮಗುಚಿ ಎತ್ತಿ, ಎಲಾಸ್ಟಿಕ್ಕನ್ನು ನಡುವಿಗೆ ಸರಿಸಿ.

ಇಲ್ಲಿ ಯಾವ ಡೈಪರೂ ಸುತ್ತಿಕೊಳ್ಳುವುದಿಲ್ಲ, ಸಣ್ಣ ಬ್ಯಾಂಡುಗಳ ಗೋಜಿಲ್ಲ. ಒಂದು ಎಲಾಸ್ಟಿಕ್ ತೆಗೆದರೆ ಎಲ್ಲವೂ ಪ್ಯಾಕೆಟ್ಟಿನಿಂದ ಬಂದ ಹಾಗೇ ಕೈಗೆ ಬರುತ್ತವೆ. ಪ್ಯಾಂಟ್ ಮಾದರಿಯ ಉಬ್ಬು ಕೂಡ ಈ ಓರೆ ಸಾಲಿನಲ್ಲಿ ಮುಚ್ಚಿಹೋಗುತ್ತದೆ. ಉಪಯೋಗದ ಲೆಕ್ಕದಲ್ಲಿ ಬೀಸಣಿಗೆಯೇ ಮುಂದೆ, ಸಂಶಯವಿಲ್ಲ. ಸೋಲುವುದು ಘಟ್ಟದ ರಸ್ತೆಯಲ್ಲಿ. ಶಿರಸಿ ದಾರಿಯ ದೇವಿಮನೆ ಘಟ್ಟದ ತಿರುವುಗಳನ್ನು ದಾಟುವಷ್ಟರಲ್ಲಿ ಓರೆ ಸಾಲು ಇನ್ನಷ್ಟು ಓರೆಯಾಗಿ, ಮೇಲಿನ ಅಂತಸ್ತು ಜಾರಿರುತ್ತದೆ. ಯಲ್ಲಾಪುರ ದಾರಿಯ ಅರಬೈಲ್ ಘಟ್ಟದಲ್ಲೂ ಅದೇ ಕಥೆ. ಹೀಗಾಗಿ ಅದೇ ಊರಲ್ಲಿ ಕೊಡುವುದಾದರೆ ಬೀಸಣಿಗೆ. ಕಾರವಾರದಲ್ಲಿ ಕಟ್ಟಿ ಶಿರಸಿಗೋ ಯಲ್ಲಾಪುರಕ್ಕೋ ಒಯ್ಯುವುದಾದರೆ ಟೇಪ್ ಮಾದರಿಯ ಸುರುಳಿ, ಇಲ್ಲವೇ ಅಂತಸ್ತುಗಳನ್ನು ಬೇರೆ ಬೇರೆ ಒಯ್ದು ಅಲ್ಲೇ ಏರಿಸುವುದು.

ಮಳೆಗಾಲದ ವಿಷಯ ಬೇರೆಯೇ ಹೇಳಬೇಕು. ಡೈಪರಿನೊಳಗಿನ ಹರಳಿನ ಪುಡಿ ನೀರನ್ನಷ್ಟೇ ಅಲ್ಲ, ಗಾಳಿಯ ತೇವವನ್ನೂ ಎಳೆಯುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕೇಕನ್ನು ತೆರೆದಿಟ್ಟರೆ ಡೈಪರು ಭಾರವಾಗಿ, ಮುಟ್ಟಿದರೆ ಗಂಟುಗಂಟಾಗಿ ಸಿಗುತ್ತದೆ. ಕಟ್ಟಿದ ದಿನವೇ ದಪ್ಪ ಪಾರದರ್ಶಕ ಹಾಳೆಯಲ್ಲಿ ಸುತ್ತಿ, ಮೇಲೆ ಗಂಟು ಹಾಕಿ, ಅಂಚಿಗೆ ಟೇಪು ಹಚ್ಚಿ. ತೇವ ಹೀರುವ ಸಿಲಿಕಾ ಪೊಟ್ಟಣ ಒಳಗೆ ಹಾಕುವ ಆಸೆ ಬೇಡ, ಮಕ್ಕಳ ಬಾಯಿಗೆ ಹೋಗುವಂಥದ್ದು ಅದು. ಅಲಂಕಾರಕ್ಕೆ ಭಟ್ಕಳ ಮಲ್ಲಿಗೆ ಸುತ್ತುವವರೂ ಇದ್ದಾರೆ. ಸಂಜೆಯೊಳಗೆ ಕಂದು ಕಲೆ ಖಚಿತ. ಮಾಲೆಯನ್ನು ಬಾಣಂತಿಗೆ ಮುಡಿಸಿ.

ತಳದ ತಟ್ಟೆಗೆ ಬೇಕರಿಯ ಬೆಳ್ಳಿ ಹಾಳೆಯ ರಟ್ಟೋ, ಅಡಿಕೆ ಹಾಳೆಯ ತಟ್ಟೆಯೋ? ಬೇಸಗೆಯಲ್ಲಿ ಹಾಳೆ ತಟ್ಟೆ ಗೆಲ್ಲುತ್ತದೆ: ಗಟ್ಟಿ, ಅಂಚು ಎತ್ತರವಿರುವುದರಿಂದ ತಳದ ಅಂತಸ್ತು ಜಾರುವುದಿಲ್ಲ, ನೋಡಲೂ ನಮ್ಮದೆನಿಸುತ್ತದೆ. ಮಳೆಗಾಲದಲ್ಲಿ ಅದಕ್ಕೆ ಬೂಷ್ಟು ಹಿಡಿಯುತ್ತದೆ, ಪಾರದರ್ಶಕ ಹಾಳೆಯಲ್ಲಿ ಮುಚ್ಚಿಟ್ಟರಂತೂ ಬೇಗ. ಆಗ ರಟ್ಟೇ ವಾಸಿ.

ಲಂಗೋಟಿ ಕೇಕ್ ಮನೆಯ ಹಿರಿಯರಿಗೆ ಮೆಚ್ಚುಗೆಯಾಗುತ್ತದೆ, ಶ್ರಮ ಮಾತ್ರ ಮೂರು ಪಟ್ಟು. ಮೆತ್ತಗಿನ ಮಲ್ ಬಟ್ಟೆ, 120 ಸೆಂ.ಮೀ. ಅಗಲದ್ದು. 60 ಸೆಂ.ಮೀ. ಚೌಕಗಳಾಗಿ ಕತ್ತರಿಸಿದರೆ ಒಂದು ಸಾಲಿಗೆ ಎರಡು ಸಿಗುತ್ತವೆ. 7 ಮತ್ತು 19ರ ಎರಡು ಅಂತಸ್ತಿಗೆ 26 ಚೌಕ, ಅಂದರೆ 7.8 ಮೀಟರ್. ಹತ್ತಿ ಬಟ್ಟೆ ಮೊದಲ ಒಗೆತಕ್ಕೆ ಕುಗ್ಗುತ್ತದೆ, ಹಾಗಾಗಿ ಎಂಟೂವರೆ ಮೀಟರ್ ತಂದು, ಬಿಸಿ ನೀರಲ್ಲಿ ಒಗೆದು, ಒಣಗಿಸಿ, ಆಮೇಲೆ ಕತ್ತರಿ ಹಾಕಿ. ಅಗಲವೂ ಕುಗ್ಗುವುದರಿಂದ ಚೌಕ 57-58 ಸೆಂ.ಮೀ.ಗೆ ಬಂದರೂ ಚಿಂತೆಯಿಲ್ಲ. ಬಣ್ಣದ ಬಟ್ಟೆಯಾದರೆ ನೀರು ತಿಳಿಯಾಗುವವರೆಗೆ ಜಾಲಿಸಬೇಕು. ಅಂಚು ತೆಳ್ಳಗೆ ಮಡಿಚಿ ಹೊಲಿಯಿರಿ, ದಪ್ಪ ಹೊಲಿಗೆ ತೊಡೆಸಂದಿಗೆ ಒತ್ತುತ್ತದೆ. ಎರಡು ಸಲ ಮಡಿಚಿ 15 ಸೆಂ.ಮೀ. ಅಗಲದ ಪಟ್ಟಿ ಮಾಡಿ ಸುತ್ತಿದರೆ ಡೈಪರ್ ಸುರುಳಿಯಷ್ಟೇ ದಪ್ಪ ಬರುತ್ತದೆ. ಕಟ್ಟುವ ಮುನ್ನ ಇಸ್ತ್ರಿ ಹಾಕುವುದು ಚಂದಕ್ಕಲ್ಲ, ಉಳಿದ ತೇವ ಹೋಗಲಿ ಎಂದು. ಆ ತೇವ ಒಳಗೇ ಉಳಿದರೆ ಕಪ್ಪು ಚುಕ್ಕೆ ಬೀಳುತ್ತದೆ, ಅದು ಯಾವ ಸೋಪಿಗೂ ಹೋಗುವುದಿಲ್ಲ.

ಥೀಮ್‌ಗಳಲ್ಲಿ ಕಾರವಾರಕ್ಕೆ ಒಪ್ಪುವುದು ದೀಪಸ್ತಂಭ. ದೇವಗಡ ದ್ವೀಪದ ದೀಪಸ್ತಂಭ ನೋಡಿ ಬೆಳೆದವರಿಗೆ ವಿವರಿಸಬೇಕಿಲ್ಲ. ಒಂದೇ ಅಡ್ಡಳತೆಯ ನಾಲ್ಕು ಅಂತಸ್ತು, ಪ್ರತಿಯೊಂದಕ್ಕೂ 6 ಸುರುಳಿ, ಒಟ್ಟು 24. ಏಳನೆಯ ಸುರುಳಿಯ ಜಾಗದಲ್ಲಿ ಒಂದೂಕಾಲು ಇಂಚಿನ ಪಿವಿಸಿ ಪೈಪು ತಳದಿಂದ ತುದಿಯವರೆಗೆ ಹೋಗಬೇಕು, ಉದ್ದ 18 ಇಂಚು. ಪೈಪಿಗೆ ಬರುವ ಎಂಡ್ ಕ್ಯಾಪನ್ನು 12 ಇಂಚಿನ ಪ್ಲೈವುಡ್ ತುಂಡಿಗೆ ಸ್ಕ್ರೂ ಹಾಕಿ ಕೂರಿಸಿ, ಪೈಪನ್ನು ಅದರೊಳಗೆ ಒತ್ತಿ. ಕತ್ತರಿಸಿದ ಬಾಯಿಯನ್ನು ಮರಳುಕಾಗದದಿಂದ ಉಜ್ಜದಿದ್ದರೆ ಅಂತಸ್ತು ಇಳಿಸುವಾಗ ಡೈಪರ್ ಹರಿಯುತ್ತದೆ. ಕೆಂಪು, ಬಿಳಿ ಅಗಲ ರಿಬ್ಬನ್ ಅಂತಸ್ತಿಗೊಂದರಂತೆ, ನೆತ್ತಿಗೆ ಗುಮ್ಮಟದ ಬದಲು ಒಂದು ಕುಲಾವಿ. ಪೈಪಿಲ್ಲದ ದೀಪಸ್ತಂಭ ಫ್ಯಾನ್ ಗಾಳಿಗೇ ಬೀಳುತ್ತದೆ. ದೋಣಿ ಥೀಮ್ ಸುಲಭ, ಆದರೆ ರಟ್ಟು ಹೆಚ್ಚು, ಡೈಪರ್ ಕಡಿಮೆ. ಯಕ್ಷಗಾನದ ಕಿರೀಟ ನೋಡಲು ಭರ್ಜರಿ, ಚಿನ್ನದ ಕಾಗದದ ಪುಡಿ ಮಾತ್ರ ಡೈಪರಿನೊಳಗೆಲ್ಲ ಉದುರುತ್ತದೆ. ಬಿಟ್ಟುಬಿಡಿ.

ಕೇಕೇ ಬೇಡ ಎನ್ನುವವರಿಗೆ ಕೌದಿ ಇದೆ. ಯಲ್ಲಾಪುರ, ಹಳಿಯಾಳ, ಮುಂಡಗೋಡ ಕಡೆಯ ಸಿದ್ದಿ ಸಮುದಾಯದ ಹೆಣ್ಣುಮಕ್ಕಳು ಹಳೆ ಬಟ್ಟೆಯ ತುಂಡುಗಳನ್ನು ಅಂಚಿನಿಂದ ಶುರು ಮಾಡಿ ನಡುವಿನ ಕಡೆಗೆ ಕೈಹೊಲಿಗೆಯಲ್ಲಿ ಜೋಡಿಸುತ್ತ ಬರುತ್ತಾರೆ. ಮೂಲೆಗಳಲ್ಲಿ ಮಡಿಚಿದ ಬಟ್ಟೆಯ ಪುಟ್ಟ ಹೂವು, ಅದಕ್ಕೆ ಫುಲಾ ಎನ್ನುತ್ತಾರೆ. ಅದಿಲ್ಲದೆ ಅವರ ಲೆಕ್ಕದಲ್ಲಿ ಕೌದಿ ಪೂರ್ತಿಯಾಗುವುದಿಲ್ಲ. ಮಗುವಿಗೆ 90 ಸೆಂ.ಮೀ. ಚೌಕ ಸಾಕು. ಹೊಸ ಗಡಸು ಬಟ್ಟೆಗಿಂತ ಒಗೆದೊಗೆದು ಮೆತ್ತಗಾದ ಹತ್ತಿ ಸೀರೆಯೇ ಮೇಲು. ಸಿಂಥೆಟಿಕ್ ಒಂದು ತುಂಡು ಸೇರಿದರೂ ಅಲ್ಲಿ ಬೆವರುತ್ತದೆ. ಎಣ್ಣೆ ತಿಕ್ಕುವಾಗ, ಆಟಕ್ಕೆ ಬಿಡುವಾಗ ಕೆಳಗೆ ಹಾಸಲಿ. ಒಂದು ವರ್ಷದೊಳಗಿನ ಮಗು ಮಲಗಿರುವಾಗ ಮೇಲೆ ಹೊದೆಸಬಾರದು, ಮುಖಕ್ಕೆ ಸರಿದರೆ ಉಸಿರಿಗೆ ತೊಂದರೆ.

ಕ್ರೋಶಾ ಟೊಪ್ಪಿ, ಕಾಲುಚೀಲಗಳಲ್ಲಿ ನೂಲು ಊರಿಗೆ ತಕ್ಕ ಹಾಗಿರಲಿ. ಶಿರಸಿಯ ಚಳಿಗೆ ಉಣ್ಣೆ ಸರಿ, ಕಾರವಾರಕ್ಕೆ ಹತ್ತಿ ನೂಲು ಮಾತ್ರ. ಹೆಣಿಗೆಯ ರಂಧ್ರ ದೊಡ್ಡದಿದ್ದರೆ ಮಗುವಿನ ಕಾಲ್ಬೆರಳು ಸಿಕ್ಕಿಕೊಳ್ಳುತ್ತದೆ, ಒಳಗೆ ಬಿಟ್ಟ ನೂಲಿನ ತುದಿ ಬೆರಳಿಗೆ ಸುತ್ತಿ ರಕ್ತ ಕಟ್ಟುವುದೂ ಉಂಟು. ಕೊಡುವ ಮುನ್ನ ಒಳಮೈ ಹೊರಗೆ ಮಾಡಿ ಒಮ್ಮೆ ನೋಡಿ.

ಸೀಮಂತಕ್ಕೆ ಮಾತ್ರ ಇವು ಯಾವುವೂ ಬೇಡವೆನ್ನುವ ಮನೆಗಳಿವೆ. ಮಗು ಹುಟ್ಟುವ ಮೊದಲು ಮಗುವಿನ ಸಾಮಾನು ಒಳಗೆ ತರುವುದಿಲ್ಲ ಎಂಬ ನಂಬಿಕೆ. ಬಯಕೆ ಊಟಕ್ಕೆ ಕರೆದಾಗ ಅತ್ತೆಯನ್ನೋ ಅಮ್ಮನನ್ನೋ ಮೊದಲೇ ಕೇಳಿಕೊಳ್ಳುವುದು ಒಳ್ಳೆಯದು. ಅಂಥಲ್ಲಿಗೆ ಹಸಿರು ಗಾಜಿನ ಬಳೆಯ ಕೇಕ್ ಒಪ್ಪುತ್ತದೆ: ತಟ್ಟೆಗೆ ನಿಲ್ಲಿಸಿದ ಮೂರು ನಾಲ್ಕು ಕೋಲಿಗೆ ಬಟ್ಟೆ ಸುತ್ತಿ, ಡಜನ್ನುಗಳಲ್ಲಿ ಬಳೆ ಏರಿಸಿ, ನಡುವಿನ ಕೋಲನ್ನು ಎತ್ತರ ಮಾಡುವುದು. ಬಸುರಿಯ ಕೈ ಊದಿರುವುದರಿಂದ ಮಾಮೂಲಿ ಅಳತೆ 2.4 ಆಗಿದ್ದರೆ 2.6 ತನ್ನಿ.