ಪತ್ರಿಕಾ ಸ್ವಾತಂತ್ರ್ಯದ ಪ್ರಾಜೆಕ್ಟ್: 1878ರ ಕಾಯ್ದೆಯೋ, 1975ರ ತುರ್ತು ಪರಿಸ್ಥಿತಿಯೋ?

ಸಮಯ ಕಡಿಮೆ ಇದ್ದರೆ 1878 ಸುಲಭ. ಆಗಿನ ವೈಸರಾಯ್ ಲಾರ್ಡ್ ಲಿಟ್ಟನ್ ತಂದ ದೇಶಭಾಷಾ ಪತ್ರಿಕಾ ಕಾಯ್ದೆ ಇಂಗ್ಲಿಷ್ ಪತ್ರಿಕೆಗಳನ್ನು ಮುಟ್ಟಲೇ ಇಲ್ಲ. ಸರ್ಕಾರದ ವಿರುದ್ಧ ಅಚ್ಚು ಹಾಕುವುದಿಲ್ಲ ಎಂದು ಮುದ್ರಕರಿಂದ ಮುಚ್ಚಳಿಕೆ ಬರೆಸಿಕೊಳ್ಳುವುದು, ತಪ್ಪಿದರೆ ಅಚ್ಚಿನ ಯಂತ್ರ ಜಪ್ತಿ. ಕೋರ್ಟಿಗೆ ಹೋಗುವ ದಾರಿ ಇಲ್ಲ. ಅಮೃತ ಬಜಾರ್ ಪತ್ರಿಕೆ ಬಂಗಾಳಿ ಬಿಟ್ಟು ಇಂಗ್ಲಿಷಿಗೆ ಹಾರಿ ತಪ್ಪಿಸಿಕೊಂಡಿತು. ಕಥೆ ಚಿಕ್ಕದು, ಚೊಕ್ಕದು.

1975ರಲ್ಲಿ ಸರಕು ಜಾಸ್ತಿ, ಗೋಜಲೂ ಜಾಸ್ತಿ. ಜೂನ್ 25ರ ರಾತ್ರಿ ದೆಹಲಿಯ ಪತ್ರಿಕಾಲಯಗಳಿಗೆ ಕರೆಂಟೇ ಹೋಯಿತು. ಮೊದಲು ಬಲಪ್ರಯೋಗ, ಆಮೇಲೆ ಕಾನೂನು! ಸುದ್ದಿ ಅಚ್ಚಾಗುವ ಮೊದಲೇ ಸೆನ್ಸಾರ್ ಬಂತು. ಇಂಡಿಯನ್ ಎಕ್ಸ್‌ಪ್ರೆಸ್ ಸಂಪಾದಕೀಯದ ಜಾಗ ಖಾಲಿ ಬಿಟ್ಟಿತು. ಪತ್ರಕರ್ತ ಕುಲದೀಪ್ ನಯ್ಯರ್ ಜೈಲು ಸೇರಿದರು. 1976ರಲ್ಲಿ ಸುದ್ದಿಸಂಸ್ಥೆಗಳನ್ನು 'ಸಮಾಚಾರ್' ಎಂದು ಒಂದಾಗಿಸಿದರು. ವಿರೋಧ ಪಕ್ಷದವರ ಸುದ್ದಿಗೆ ಬಾಗಿಲು ಹಾಕಲು ಇದಕ್ಕಿಂತ ಅನುಕೂಲ ಇನ್ನೇನು ಬೇಕು, ಅಲ್ವಾ?

ಆದರೆ ಇಲ್ಲಿ ಕೋರ್ಟ್ ಇತ್ತು. ಪತ್ರಿಕಾ ಸಂಪಾದಕ ಮಿನೂ ಮಸಾನಿ ಸೆನ್ಸಾರ್ ವಿರುದ್ಧ ಬಾಂಬೆ ಹೈಕೋರ್ಟಿನಲ್ಲಿ ಗೆದ್ದರು. ನನಗೆ ಇಡೀ ವಿಷಯದಲ್ಲಿ ಇದೇ ರುಚಿ. ಕಾನೂನು ಓದುವವರಾದರೆ ಬೇರೆ ಯೋಚನೆ ಬೇಡ, 1975 ತಗೊಳ್ಳಿ.

ಕರ್ನಾಟಕದ ನಂಟು ಬೇಕಿದ್ದರೂ ಅದೇ. ವಾಜಪೇಯಿ, ಅಡ್ವಾಣಿ ಸಿಕ್ಕಿಬಿದ್ದಿದ್ದು ಬೆಂಗಳೂರಿನಲ್ಲಿ. 1977ರಲ್ಲಿ ಅಡ್ವಾಣಿಯೇ ವಾರ್ತಾ ಸಚಿವರಾದರು. ಸುಮ್ನೆ ಎಲ್ಲೆಲ್ಲೋ ಹುಡುಕದೆ ತುರ್ತು ಪರಿಸ್ಥಿತಿಯ ಅತಿರೇಕಗಳನ್ನು ತನಿಖೆ ಮಾಡಿದ ಷಾ ಆಯೋಗದ ವರದಿಯಿಂದ ಶುರು ಮಾಡಿ.