ತಮ್ಗಲಿಗೆ ಹೋಗ್ಲಾ, ಸೈಮಲೂ ತಾಶ್‌ಗಾ?

ಮಧ್ಯ ಏಷ್ಯಾದ ಬಂಡೆಚಿತ್ರ ನೋಡೋಕೆ ಒಂದೇ ದಿನ ಇದ್ರೆ ಜಾಸ್ತಿ ಯೋಚ್ನೆ ಬೇಡ, ಕಜಕಸ್ತಾನದ ತಮ್ಗಲಿಗೆ ಹೋಗಿ, ಅಲ್ಮಾಟಿಯಿಂದ ಸುಮಾರು 170 ಕಿ.ಮೀ., ಬೆಳಿಗ್ಗೆ ಕಾರಲ್ಲಿ ಹೊರಟ್ರೆ ಸಂಜೆಗೆ ವಾಪಸ್. ಸುಮಾರು 5,000 ಚಿತ್ರ ಇವೆ, 2004ರಿಂದ ಯುನೆಸ್ಕೋ ಪಟ್ಟಿಲಿದೆ. ಸೂರ್ಯತಲೆಯ ಆಕೃತಿ ಮುಂದೆ ಸ್ವಲ್ಪ ಹೊತ್ತು ನಿಂತ್ಕೊಳ್ಳಿ: ಮೈ ಮನುಷ್ಯಂದು, ತಲೆ ಜಾಗದಲ್ಲಿ ಚುಕ್ಕಿ, ಕಿರಣ, ಎಲ್ಲಾ ಕಂಚಿನ ಯುಗದವರು ಕಲ್ಲಲ್ಲಿ ಕುಟ್ಟಿ ಕುಟ್ಟಿ ಮೂಡಿಸಿದ್ದು.

ಕಿರ್ಗಿಸ್ತಾನದ ಸೈಮಲೂ ತಾಶ್ ಬೇರೇನೇ ಲೆವೆಲ್. ಫರ್ಗಾನಾ ಬೆಟ್ಟಸಾಲಲ್ಲಿ 3,000 ಮೀಟರ್‌ಗಿಂತ ಎತ್ತರ, ವರ್ಷದ ಬಹುಪಾಲು ಹಿಮ, ಆಗಸ್ಟ್ ಆಸುಪಾಸಲ್ಲೇ ಹೋಗ್ಬೇಕು, ಅದೂ ಕೊನೆಗೆ ಕಾಲ್ನಡಿಗೆ ಇಲ್ಲಾ ಕುದುರೆ. ಆದ್ರೆ ಸಾವಿರಾರು ಕಲ್ಲು, ಅದ್ರಲ್ಲಿ ಎತ್ತು ಕಟ್ಟಿ ಉಳೋ ರೈತನೂ ಇದಾನೆ! ಮಂಡಿ ಗಟ್ಟಿ ಇದ್ದು ನಾಲ್ಕು ದಿನ ರಜೆ ಸಿಕ್ಕಿದ್ರೆ ನನ್ನ ವೋಟು ಇದಕ್ಕೇ. ಎರಡೂ ಕಡೆ ದಯವಿಟ್ಟು ಚಿತ್ರದ ಮೇಲೆ ಕೈ ಇಡ್ಬೇಡಿ.