ಹಳೇ 700 ಟ್ರಿಪಲ್, ಹೊಸ 600 ಟ್ವಿನ್: ಎರಡೂ ಸ್ನೋಮೊಬೈಲ್ ಓಡಿಸಿದವನ ಮಾತು

ಮೊದಲಿಗೇ ಹೇಳಿಬಿಡುತ್ತೇನೆ. ಸ್ನೋಮೊಬೈಲ್ ಅಂದರೆ ಹಿಮದ ಮೇಲೆ ಓಡಿಸುವ ಗಾಡಿ; ಮುಂದೆ ಸ್ಕೀಗಳು, ಹಿಂದೆ ಚಕ್ರದ ಬದಲು ಸುತ್ತುವ ರಬ್ಬರ್ ಪಟ್ಟಿ, ಅದೇ ಟ್ರ್ಯಾಕ್. ಹೆಪ್ಪುಗಟ್ಟಿದ ಕೆರೆಯ ಮೇಲೆ ನೇರಕ್ಕೆ ಬಿಟ್ಟರೆ ನನ್ನ ಹಳೇ ಸ್ನೋಮೊಬೈಲೇ ಗೆಲ್ಲುತ್ತದೆ. ಅದು 1990ರ ದಶಕದ ಕೊನೆಯ ಗಾಡಿ. 700 ಸಿಸಿ, ಟೂ-ಸ್ಟ್ರೋಕ್, ಮೂರು ಸಿಲಿಂಡರ್ (ಅದಕ್ಕೇ ಟ್ರಿಪಲ್ ಅನ್ನುತ್ತಾರೆ), ಮೂರು ಕಾರ್ಬ್ಯುರೇಟರ್. ಹೊಸದು 600 ಸಿಸಿ, ಎರಡು ಸಿಲಿಂಡರ್ (ಟ್ವಿನ್), ಪೆಟ್ರೋಲನ್ನು ನೇರ ಸಿಲಿಂಡರಿಗೇ ಚಿಮ್ಮಿಸುವ ಡೈರೆಕ್ಟ್ ಇಂಜೆಕ್ಷನ್ ಇರುವ ಟೂ-ಸ್ಟ್ರೋಕ್. ಎರಡೂ ಒಂದೇ ಶೆಡ್ಡಿನಲ್ಲಿ ನಿಲ್ಲುತ್ತವೆ. ಎರಡನ್ನೂ ಹಲವು ಚಳಿಗಾಲ ಚೆನ್ನಾಗಿ ಓಡಿಸಿದ್ದೇನೆ. ನನ್ನ ಗಾಡಿಗಳ ಕಂಪನಿ ಹೆಸರು ಬರೆಯುತ್ತಿಲ್ಲ. ಈ ಎರಡು ಕಾಲದ ಯಾವ ಗಾಡಿ ತೆಗೆದುಕೊಂಡರೂ ವ್ಯತ್ಯಾಸ ಹೆಚ್ಚುಕಡಿಮೆ ಇದೇ ರೀತಿ ಇರುತ್ತದೆ.

ವೇಗದ ಮಾತು ಬಂದರೆ ಮೊದಲು ಒಂದು ವಿಷಯ ತಿಳಿದಿರಬೇಕು. ಸ್ಪೀಡೋಮೀಟರ್ ಅಳೆಯುವುದು ಟ್ರ್ಯಾಕ್ ಸುತ್ತುವ ವೇಗವನ್ನು, ಗಾಡಿ ಮುಂದೆ ಹೋಗುವ ವೇಗವನ್ನಲ್ಲ. ಸಡಿಲ ಹಿಮದಲ್ಲಿ ಟ್ರ್ಯಾಕ್ ಜಾರುತ್ತಾ ಸುತ್ತುತ್ತದೆ. ಆಗ ಮೀಟರ್ ದೊಡ್ಡ ಸಂಖ್ಯೆ ತೋರಿಸುತ್ತದೆ, ಗಾಡಿ ಅಷ್ಟು ಹೋಗಿರುವುದಿಲ್ಲ. ಎಂಜಿನ್ ಶಕ್ತಿಯನ್ನು ಟ್ರ್ಯಾಕಿಗೆ ಒಯ್ಯುವ ಚೈನಿನ ಹಲ್ಲುಚಕ್ರ (ಸ್ಪ್ರಾಕೆಟ್) ಬದಲಾಯಿಸಿದ್ದರಂತೂ ಕೆಲವು ಗಾಡಿಗಳಲ್ಲಿ ಆ ಸಂಖ್ಯೆಗೆ ಅರ್ಥವೇ ಇಲ್ಲ. ಆದ್ದರಿಂದ ನಾನು ಹೇಳುವುದೆಲ್ಲ ಜಿಪಿಎಸ್ ಲೆಕ್ಕ. ಗಟ್ಟಿ ಹಿಮ ಕೂತ ಕೆರೆಯ ಮೇಲೆ ಹಳೆಯದು ಗಂಟೆಗೆ 160 ಕಿ.ಮೀ. ದಾಟುತ್ತದೆ. ಹೊಸದು 150ರ ಆಸುಪಾಸಿಗೆ ಬಂದು ನಿಂತುಬಿಡುತ್ತದೆ. ಆದರೆ ಹೊರಡುವಾಗ ಕಥೆ ಬೇರೆ. ಹೊಸದು ಸುಮಾರು 40 ಕಿಲೋ ಹಗುರ. ಟ್ರ್ಯಾಕ್ ಉದ್ದ, ಹಿಡಿತ ಚೆನ್ನಾಗಿದೆ. ಥ್ರಾಟಲ್ ಒತ್ತಿದ ತಕ್ಷಣ ಕ್ಲಚ್, ಶಕ್ತಿ ಸಾಗಿಸುವ ರಬ್ಬರ್ ಬೆಲ್ಟನ್ನು ಕಚ್ಚಿ ಹಿಡಿಯುತ್ತದೆ, ಗಾಡಿ ಎಗರಿ ಹೋಗುತ್ತದೆ. ಹಳೆಯದು ಒಂದು ಕ್ಷಣ ತಡೆದು, ಗಂಟಲು ಸರಿಮಾಡಿಕೊಂಡು ಆಮೇಲೆ ಎದ್ದುಬರುತ್ತದೆ. ಕೆರೆಯ ನಡುವಿನ ತನಕ ಹೊಸದು ಮುಂದೆ. ಅಲ್ಲಿಂದ ಆಚೆ ಹಳೆಯದು ಪಕ್ಕದಿಂದ ದಾಟಿಕೊಂಡು ಹೋಗುತ್ತದೆ.

ಯಾಕೆ ಹೀಗೆ ಅಂತ ಬಹಳ ಜನ ಕೇಳುತ್ತಾರೆ. ಇಷ್ಟು ವರ್ಷ ಕಳೆದಿದೆ, ತಂತ್ರಜ್ಞಾನ ಮುಂದೆ ಹೋಗಿದೆ, ಮತ್ತೆ ವೇಗ ಯಾಕೆ ಕಡಿಮೆ? ಒಂದು ಕಾರಣ ಎಂಜಿನ್. ಹಳೇ ಟ್ರಿಪಲ್ ಸುಮಾರು 140 ಅಶ್ವಶಕ್ತಿ ಕೊಡುತ್ತದೆ, ಹೊಸ 600 ಸುಮಾರು 125. ಇನ್ನೊಂದು ಕಾರಣ ಟ್ರ್ಯಾಕ್. ಹಳೆಯದರದ್ದು 121 ಇಂಚು ಉದ್ದ, ಹಲ್ಲುಗಳು ಮುಕ್ಕಾಲು ಇಂಚು ಎತ್ತರ. ಹೊಸದರದ್ದು 137 ಇಂಚು, ಹಲ್ಲು ಒಂದೂಕಾಲು ಇಂಚು. ಎತ್ತರದ ಹಲ್ಲು ಹಿಮವನ್ನು ಚೆನ್ನಾಗಿ ಅಗೆದು ಹಿಡಿಯುತ್ತದೆ, ನಿಜ. ಆದರೆ ಅಷ್ಟು ವೇಗದಲ್ಲಿ ಸುತ್ತುವಾಗ ಅದೇ ಹಲ್ಲು ಗಾಳಿಯನ್ನೂ ಹಿಮವನ್ನೂ ಕಡೆಯುತ್ತಾ ಶಕ್ತಿ ತಿನ್ನುತ್ತದೆ. ಜೊತೆಗೆ ಹೊಸದರಲ್ಲಿ ಸವಾರ ಎತ್ತರಕ್ಕೆ, ನೆಟ್ಟಗೆ ಕೂರುತ್ತಾನೆ. ಎದೆಗೆ ಗಾಳಿ ಜಾಸ್ತಿ ಬಡಿಯುತ್ತದೆ. ಗಾಳಿಯನ್ನು ಸೀಳಲು ಬೇಕಾದ ಶಕ್ತಿ ವೇಗದ ಘನದಷ್ಟು ಏರುತ್ತದೆ. ಅಂದರೆ ವೇಗ ಶೇಕಡಾ 10ರಷ್ಟು ಜಾಸ್ತಿ ಬೇಕಾದರೆ, ಬರೀ ಗಾಳಿಗೇ ಶೇಕಡಾ 33ರಷ್ಟು ಹೆಚ್ಚು ಶಕ್ತಿ ಕೊಡಬೇಕು. ಕೊನೆಯ 10 ಕಿ.ಮೀ. ಸುಮ್ನೆ ಬರುವುದಿಲ್ಲ.

ಆ ಕಾಲದ ಕಂಪನಿಗಳಿಗೆ ಕೆರೆಯ ಮೇಲಿನ ವೇಗವೇ ಮುಖ್ಯವಾಗಿತ್ತು. ಯಮಾಹಾ ಎಸ್‌ಆರ್‌ಎಕ್ಸ್ 700, ಆರ್ಕ್ಟಿಕ್ ಕ್ಯಾಟ್ ಥಂಡರ್‌ಕ್ಯಾಟ್, ಸ್ಕೀ-ಡೂ ಮ್ಯಾಕ್ ಜೆಡ್, ಎಲ್ಲವೂ ಮೂರು ಸಿಲಿಂಡರಿನ ಟೂ-ಸ್ಟ್ರೋಕ್‌ಗಳು. ಆಮೇಲೆ ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ಇಪಿಎ ಹೊಗೆಯ ಮೇಲೆ ಮಿತಿ ಹಾಕಿತು. 2006ರ ಮಾಡೆಲ್‌ಗಳಿಂದ ಅದು ಹಂತಹಂತವಾಗಿ ಜಾರಿಗೆ ಬಂತು. ಕಾರ್ಬ್ಯುರೇಟರ್ ಇರುವ ದೊಡ್ಡ ಟ್ರಿಪಲ್‌ಗಳು ಒಂದೊಂದಾಗಿ ಮರೆಯಾದವು. ಹೊಗೆಯ ಹಿಂದೆ ಕೂತು ಓಡಿಸಿದವರಿಗೆ ಆ ನಿಯಮ ಎಷ್ಟು ಬೇಕಾಗಿತ್ತು ಅಂತ ಗೊತ್ತು. ಆದರೂ ಆ ಮೂರು ಸಿಲಿಂಡರ್ ಒಟ್ಟಿಗೆ ಮೇಲೇರುವ ಸದ್ದು ನನಗೆ ಈಗಲೂ ಇಷ್ಟ.

ಹಳೆಯದನ್ನು ಹೊರಡಿಸುವುದೇ ಒಂದು ಕೆಲಸ, ಮತ್ತು ಆ ಕೆಲಸ ನನಗೆ ಪ್ರೀತಿ. ರಾತ್ರಿ ಅದನ್ನು ಎರಡು ಮರದ ಹಲಗೆಗಳ ಮೇಲೆ ನಿಲ್ಲಿಸಿರುತ್ತೇನೆ. ಇಲ್ಲದಿದ್ದರೆ ಟ್ರ್ಯಾಕೂ ಸ್ಕೀಗಳೂ ನೆಲಕ್ಕೆ ಅಂಟಿ ಹೆಪ್ಪುಗಟ್ಟುತ್ತವೆ. ಬೆಳಿಗ್ಗೆ ಮೊದಲು ಥರ್ಮಾಮೀಟರ್ ನೋಡುವುದು. ಚಳಿ ಹೆಚ್ಚಾದಷ್ಟೂ ಗಾಳಿ ದಟ್ಟ, ಹಾಗಾಗಿ ಪೆಟ್ರೋಲ್ ಜಾಸ್ತಿ ಬೇಕು. ಹಿಂದಿನ ದಿನಕ್ಕಿಂತ ತುಂಬಾ ಇಳಿದಿದ್ದರೆ ಕೈಪಿಡಿಯ ಪಟ್ಟಿ ನೋಡಿ ಮೂರೂ ಕಾರ್ಬ್ಯುರೇಟರಿನ ಮೇನ್ ಜೆಟ್ (ಪೆಟ್ರೋಲ್ ಹರಿಯುವ ಸಣ್ಣ ರಂಧ್ರದ ತುಂಡು) ತೆಗೆದು ದೊಡ್ಡದು ಹಾಕಬೇಕು. ಹಾಕದೆ ಪೂರ್ತಿ ಥ್ರಾಟಲ್ ಕೊಟ್ಟರೆ ಪಿಸ್ಟನ್ ಸುಟ್ಟುಹೋಗುತ್ತದೆ. ಆಮೇಲೆ ಪೆಟ್ರೋಲ್ ಕೊಳಾಯಿ ತಿರುಗಿಸಿ, ಚೋಕ್ ಎಳೆದು, ಹಗ್ಗ ಜಗ್ಗುವುದು. ಹತ್ತಿಕೊಂಡ ಮೇಲೆ ನೀಲಿ ಹೊಗೆ ಶೆಡ್ಡಿನ ಬಾಗಿಲಿನಿಂದ ಹೊರಗೆ ಹೋಗುತ್ತದೆ. ಟ್ರ್ಯಾಕಿನ ಮೇಲಿರುವ ಅಲ್ಯೂಮಿನಿಯಂ ಟನಲ್ಲಿಗೆ ಕೈಗವಸು ಬಿಚ್ಚಿ ಅಂಗೈ ಇಡುತ್ತೇನೆ. ಅಲ್ಲಿ ಬಿಸಿ ತಾಗಿದರೆ ಎಂಜಿನ್ ತಣಿಸುವ ದ್ರವ, ಕೂಲಂಟ್, ಹಿಂದಿನವರೆಗೂ ಹರಿದಿದೆ ಅಂತ ಅರ್ಥ. ಅಲ್ಲಿಯವರೆಗೆ ಓಡಿಸುವುದಿಲ್ಲ. ತಣ್ಣಗಿನ ಸಿಲಿಂಡರಿನಲ್ಲಿ ಪಿಸ್ಟನ್ ಬೇಗ ಕಾದು ಹಿಗ್ಗಿದರೆ ಎಂಜಿನ್ ಕಚ್ಚಿಕೊಳ್ಳುತ್ತದೆ. ಸಂಜೆ ಬಂದ ಮೇಲೆ ಸ್ಪಾರ್ಕ್ ಪ್ಲಗ್ ಬಿಚ್ಚಿ ನೋಡುತ್ತೇನೆ. ತುದಿ ಕಾಫಿಪುಡಿಯ ಬಣ್ಣದಲ್ಲಿದ್ದರೆ ಮನಸ್ಸಿಗೆ ಸಮಾಧಾನ.

ಹೊಸದರಲ್ಲಿ ಇದ್ಯಾವುದೂ ಇಲ್ಲ. ಬಟನ್ ಒತ್ತು, ಒಂದು ನಿಮಿಷ ಕಾಯು, ಹೊರಡು. ಚಳಿ, ಎತ್ತರ, ಎಲ್ಲವನ್ನೂ ಸೆನ್ಸರ್‌ಗಳೇ ನೋಡಿಕೊಳ್ಳುತ್ತವೆ. ಹಿಂದಕ್ಕೆ ಹೋಗಬೇಕಾದರೆ ಇನ್ನೊಂದು ಬಟನ್. ಎಂಜಿನ್ ಒಂದು ಕ್ಷಣ ನಿಲ್ಲುವಷ್ಟು ನಿಧಾನವಾಗಿ, ಉಲ್ಟಾ ದಿಕ್ಕಿನಲ್ಲಿ ಸುತ್ತಲು ಶುರುಮಾಡುತ್ತದೆ. ಟೂ-ಸ್ಟ್ರೋಕ್‌ಗೆ ಮಾತ್ರ ಹೀಗೆ ಸಾಧ್ಯ. ಬೆಲ್ಟ್ ಅಂಚನ್ನು ಬೆರಳಿನಿಂದ ಸವರಿ ನೂಲು ಎದ್ದಿದೆಯೇ ನೋಡುವ ಅಭ್ಯಾಸ ಮಾತ್ರ ಎರಡಕ್ಕೂ ಬಿಟ್ಟಿಲ್ಲ. ಎಂಜಿನ್ ಮುಚ್ಚುವ ಹುಡ್ಡಿನ ಕೆಳಗೆ ಒಂದು ಸ್ಪೇರ್ ಬೆಲ್ಟ್ ಇರಲೇಬೇಕು.

ಕಾಡಿನ ದಾರಿಗೆ ಹೋದರೆ ಹೊಸದರ ಬೆಲೆ ಗೊತ್ತಾಗುತ್ತದೆ. ವಾರದ ಕೊನೆಗೆ ನೂರಾರು ಗಾಡಿ ಓಡಿದ ಮೇಲೆ ದಾರಿ ಅಲೆ ಅಲೆಯಾಗಿ ಏಳುತ್ತದೆ, ಮೊಣಕಾಲೆತ್ತರದ ದಿಬ್ಬಗಳು ಸಾಲಾಗಿ. ಹಳೆಯದರಲ್ಲಿ ಹಿಂದಕ್ಕೆ ಸರಿದು, ಕಾಲು ಮುಂದೆ ಚಾಚಿ ಕೂರಬೇಕು. ಪ್ರತಿ ದಿಬ್ಬವೂ ನೇರ ಸೊಂಟಕ್ಕೆ ಬರುತ್ತದೆ. 50ಕ್ಕಿಂತ ಮೇಲೆ ಹೋಗಲು ಮನಸ್ಸೇ ಬರುವುದಿಲ್ಲ. ಹೊಸದರಲ್ಲಿ ಅದೇ ದಾರಿಯಲ್ಲಿ 70 ಆರಾಮ. ಕಾರಣ ಸಸ್ಪೆನ್ಷನ್ ಒಂದೇ ಅಲ್ಲ. 2003ರಲ್ಲಿ ಸ್ಕೀ-ಡೂ ರೆವ್ ಬಂದಾಗ ಸವಾರನನ್ನು ಮುಂದಕ್ಕೆ ತಂದು, ಮೊಣಕಾಲು ಮಡಚಿ, ಗಾಡಿಯ ತೂಕದ ನಡುವಿಗೆ ಹತ್ತಿರ ಕೂರಿಸಿತು. ಉಳಿದ ಕಂಪನಿಗಳೂ ಅದೇ ದಾರಿ ಹಿಡಿದವು. ದಿಬ್ಬ ಬಂದಾಗ ಎದ್ದು ನಿಲ್ಲುವುದು ಸುಲಭ, ಹಿಂಭಾಗ ಎಗರಿದರೂ ಸೊಂಟಕ್ಕೆ ಹೊಡೆಯುವುದಿಲ್ಲ. ದಿನವಿಡೀ ಓಡಿಸಿ ಬಂದ ಮೇಲೂ ಬೆನ್ನು ನೋವಿಲ್ಲ, ಮಣಿಕಟ್ಟು ಊದಿಲ್ಲ. ಇಷ್ಟು ವ್ಯತ್ಯಾಸ ಇರುತ್ತದೆ ಅಂತ ನಾನು ಅಂದುಕೊಂಡಿರಲಿಲ್ಲ. ಅಮೆರಿಕದ ಮಿನ್ನೆಸೋಟದಲ್ಲಿ ಸ್ನೋಮೊಬೈಲಿಗೆ ಮಿತಿ ಗಂಟೆಗೆ 50 ಮೈಲಿ, ಕೆನಡಾದ ಒಂಟಾರಿಯೊದ ಟ್ರೇಲ್‌ಗಳಲ್ಲಿ 50 ಕಿ.ಮೀ. ಅಂಥ ಕಡೆ 160 ಹೋಗುವ ತಾಕತ್ತಿಗೆ ಕೆಲಸವೇ ಇಲ್ಲ, ಅಲ್ವಾ? ದಿನದ ಸರಾಸರಿ ವೇಗ ಲೆಕ್ಕ ಹಾಕಿದರೆ ಹೊಸದು ಬಹಳ ಮುಂದೆ.

ಪೆಟ್ರೋಲಿನಲ್ಲೂ ಹಾಗೆಯೇ. ಹಳೇ ಟ್ರಿಪಲ್ ಕುಡಿಯುವುದರಲ್ಲಿ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ ಹೊಸದಕ್ಕೆ ಸಾಕು. ಟೂ-ಸ್ಟ್ರೋಕ್ ಆಯಿಲ್ ಕೂಡ ಕಡಿಮೆ. ಹಳೆಯದರಲ್ಲಿ ದೂರ ಹೊರಟರೆ ಮುಂದಿನ ಬಂಕ್ ಎಲ್ಲಿದೆ ಅನ್ನುವುದೇ ಚಿಂತೆ.

ಇಷ್ಟಾದ ಮೇಲೆ ನನಗೆ ನಿಜಕ್ಕೂ ಬೇಸರ ತಂದ ವಿಷಯ. ಹೊಸದರ ಎಂಜಿನ್ ಗಟ್ಟಿ ದಾರಿಯಲ್ಲಿ ವಿಪರೀತ ಬಿಸಿಯಾಗುತ್ತದೆ. ಈ ಗಾಡಿಗಳಿಗೆ ಕಾರಿನ ಹಾಗೆ ಗಾಳಿಯಿಂದ ತಣಿಯುವ ದೊಡ್ಡ ರೇಡಿಯೇಟರ್ ಇರುವುದಿಲ್ಲ. ಟನಲ್ಲಿನ ಒಳಗೆ ಕೂಲರ್‌ಗಳಿರುತ್ತವೆ, ಟ್ರ್ಯಾಕ್ ಎರಚುವ ಹಿಮವೇ ಅದನ್ನು ತಣಿಸಬೇಕು. ಸಡಿಲ ಹಿಮ ಇದ್ದಾಗ ಏನೂ ತೊಂದರೆ ಇಲ್ಲ. ಆದರೆ ಸೀಸನ್‌ನ ಕೊನೆಯಲ್ಲಿ ಹಗಲು ಕರಗಿ ರಾತ್ರಿ ಹೆಪ್ಪುಗಟ್ಟಿ ದಾರಿಯೆಲ್ಲ ಐಸ್ ಆಗಿರುತ್ತದೆ. ಎರಚಲು ಹಿಮವೇ ಇಲ್ಲ. ನನ್ನ ಹಳೆಯದರಲ್ಲಿ ಕೂಲರ್ ಎರಡೂ ಪಕ್ಕ ಟನಲ್ಲಿನ ಉದ್ದಕ್ಕೂ ಇದೆ. ಹೊಸದರಲ್ಲಿ ತೂಕ ಇಳಿಸಲು ಅದನ್ನು ಚಿಕ್ಕದು ಮಾಡಿದ್ದಾರೆ. ಪರಿಣಾಮ, ಇನ್ನೂ ಅರ್ಧ ದಾರಿ ಇರುವಾಗಲೇ ಕೆಂಪು ದೀಪ. ಅದನ್ನೂ ಕಡೆಗಣಿಸಿದರೆ ಕಂಪ್ಯೂಟರ್ ತಾನೇ ಶಕ್ತಿ ಕಡಿಮೆ ಮಾಡುತ್ತದೆ, ಗಾಡಿ ತೆವಳುತ್ತದೆ. ಟ್ರ್ಯಾಕಿನ ಒಳಗೆ ಜಾರುವ ಪ್ಲಾಸ್ಟಿಕ್ ಸ್ಲೈಡರ್‌ಗಳಿಗೂ ಹಿಮವೇ ಎಣ್ಣೆ. ಹಿಮವಿಲ್ಲದ ಬರೀ ಐಸ್ ಮೇಲೆ ಅವೂ ಕಾದು ಕರಗಿ ಸವೆಯುತ್ತವೆ.

ಇದಕ್ಕೆ ಐಸ್ ಸ್ಕ್ರ್ಯಾಚರ್ ಅಂತ ಬರುತ್ತದೆ. ಸ್ಪ್ರಿಂಗ್ ಇರುವ ಉಕ್ಕಿನ ಕಡ್ಡಿಗಳು. ಕೆಳಗೆ ಬಿಟ್ಟರೆ ದಾರಿಯ ಐಸನ್ನು ಕೆರೆದು ಪುಡಿಯನ್ನು ಟ್ರ್ಯಾಕಿನ ಕಡೆ ಎಸೆಯುತ್ತವೆ. ಹಾಕಿದ ಮೇಲೆ ಕೆಂಪು ದೀಪ ಅಪರೂಪ. ಇಷ್ಟು ಸಣ್ಣ ವಸ್ತುವನ್ನು ಗಾಡಿಯ ಜೊತೆಗೇ ಕೊಡದೆ, ಬೇರೆ ದುಡ್ಡು ಕೊಟ್ಟು ಕೊಳ್ಳಿ ಅನ್ನುವುದು ನನಗೆ ಸರಿ ಕಾಣಲಿಲ್ಲ. ಹೊಸ ಗಾಡಿಗೆ ಕೂಡಿಟ್ಟ ಹಣವನ್ನೆಲ್ಲ ಸುರಿದ ಮೇಲೆ ಮೊದಲ ಸೀಸನ್ನಿನಲ್ಲೇ ದಾರಿ ಪಕ್ಕ ನಿಂತು, ಟನಲ್ಲಿನ ಮೇಲೆ ಕೈಯಾರೆ ಹಿಮ ಸುರಿದು ಕಾಯುವುದು ಬೇಸರದ ಕೆಲಸ. ಹಳೆಯದು ಅದೇ ದಾರಿಯಲ್ಲಿ ದೀಪ ಹಚ್ಚದೆ ಹೋಗಿತ್ತು. ಸ್ಕ್ರ್ಯಾಚರ್ ಹಾಕಿದವರು ಹಿಂದಕ್ಕೆ ಹೋಗುವಾಗ ಎತ್ತಿ ಸಿಕ್ಕಿಸಲು ಮರೆಯಬೇಡಿ, ಗಟ್ಟಿ ಕಡ್ಡಿಯ ಬಗೆಯವು ಬಾಗಿ ಮುರಿಯುತ್ತವೆ.

ಯಾರಿಗೆ ಯಾವುದು? ಕಾಡಿನ ದಾರಿಗಳಲ್ಲಿ ದಿನಗಟ್ಟಲೆ ಓಡಿಸುವವರು, ಬೆನ್ನು ಸ್ವಲ್ಪ ತಗಾದೆ ಮಾಡುವವರು ಹೊಸದನ್ನೇ ತೆಗೆದುಕೊಳ್ಳಿ. 850 ಸಿಸಿಯ ದೊಡ್ಡ ಗಾಡಿ ಬೇಕಾಗಿಲ್ಲ, 600 ಸಾಕು. ಉಳಿದ ದುಡ್ಡಿನಲ್ಲಿ ಸ್ಕ್ರ್ಯಾಚರ್, ಒಳ್ಳೆಯ ಬಟ್ಟೆ, ಒಂದು ಬೆಲ್ಟ್ ಬರುತ್ತದೆ. ಕೈಯಲ್ಲಿ ದುಡ್ಡು ಕಡಿಮೆ, ಪಕ್ಕದಲ್ಲೇ ದೊಡ್ಡ ಕೆರೆ, ಸ್ಪ್ಯಾನರ್ ಹಿಡಿಯಲು ಬೇಸರವಿಲ್ಲ ಅನ್ನುವವರಿಗೆ ಹಳೇ ಟ್ರಿಪಲ್ ಕೊಡುವಷ್ಟು ವೇಗ ಆ ಬಜೆಟ್ಟಿನಲ್ಲಿ ಬೇರೆ ಯಾವುದೂ ಕೊಡುವುದಿಲ್ಲ. ಕೊಳ್ಳುವ ಮೊದಲು ಮೂರೂ ಸಿಲಿಂಡರಿನ ಕಂಪ್ರೆಷನ್ (ಒಳಗಿನ ಒತ್ತಡ) ಅಳೆದು ನೋಡಿ. ಒಂದು ಮಾತ್ರ ಕಡಿಮೆ ಇದ್ದರೆ ಬಿಟ್ಟುಬಿಡಿ. ಪಿಸ್ಟನ್‌ಗಳು ತಿರುಗಿಸುವ ಕ್ರ್ಯಾಂಕ್‌ಶಾಫ್ಟಿನ ಸೀಲ್‌ಗಳು ವರ್ಷಗಳಲ್ಲಿ ಒಣಗಿ ಗಾಳಿ ಎಳೆಯುತ್ತವೆ, ಮಿಶ್ರಣ ತೆಳುವಾಗಿ ಅಂಚಿನ ಪಿಸ್ಟನ್ ಮೊದಲು ಹೋಗುತ್ತದೆ. ಎಂಜಿನ್ ಖಾಲಿ ಓಡುವಾಗ ಆರ್‌ಪಿಎಂ ತಾನಾಗಿ ಏರಿ ಇಳಿಯುತ್ತಿದ್ದರೆ ಅದೇ ಗುರುತು. ಹುಡ್, ಪ್ಲಾಸ್ಟಿಕ್ ಭಾಗಗಳು ಈಗ ಹೆಚ್ಚಾಗಿ ಹಳೇ ಗಾಡಿ ಬಿಚ್ಚಿ ಮಾರುವವರ ಹತ್ತಿರವೇ ಸಿಗುತ್ತವೆ, ಆದ್ದರಿಂದ ಒಡೆದಿಲ್ಲದ ಗಾಡಿಗೆ ಸ್ವಲ್ಪ ಜಾಸ್ತಿ ಕೊಟ್ಟರೂ ನಷ್ಟವಿಲ್ಲ.

ನಾನು ಎರಡನ್ನೂ ಇಟ್ಟುಕೊಳ್ಳುತ್ತೇನೆ. ಈ ಸಲ ಹಿಮ ಬೀಳುವ ಮೊದಲೇ ಹಳೆಯದರ ಸೀಲ್ ಬದಲಿಸುವ ಕೆಲಸ ಇದೆ, ಹೊಸದಕ್ಕೆ ಹಿಂದಿನ ಭಾಗದಲ್ಲಿ ಇನ್ನೊಂದು ಕೂಲರ್ ಹಾಕಿಸಬೇಕು. ಆ ಕೂಲರ್ ಕೆಲಸ ಮಾಡಿತೋ ಇಲ್ಲವೋ ಅಂತ ಸೀಸನ್ ಮುಗಿದ ಮೇಲೆ ಇಲ್ಲೇ ಸೇರಿಸುತ್ತೇನೆ.